ಓದುಗರ ಪ್ರಶ್ನೆ, ಬಲ್ಲವರ ಉತ್ತರ: ವಿದ್ಯಾರ್ಥಿಗಳ ಫೀಸಿಗೊಂದು ಓಟ

ಓದು ನಿಲ್ಲುವ ಅಂಚಿನಲ್ಲಿರುವ ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹಣ ಕೂಡಿಸಲು ಓಟ ಏರ್ಪಡಿಸುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓಟದ ಏರ್ಪಾಡು, ಲೆಕ್ಕಪತ್ರ, ವಿದ್ಯಾರ್ಥಿವೇತನ ಈ ಮೂರರಲ್ಲೂ ಪಳಗಿದವರು ಉತ್ತರಿಸಿದ್ದಾರೆ. ಇಲ್ಲಿರುವ ದರಗಳು ಲೆಕ್ಕ ಅರ್ಥವಾಗಲೆಂದು ಹಿಡಿದವು. ನಿಮ್ಮೂರಿನ ಕೊಟೇಶನ್ ತರಿಸಿ ಬದಲಿಸಿಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದಿಂದ 5 ಮತ್ತು 10 ಕಿ.ಮೀ. ಓಟ ಇಟ್ಟುಕೊಳ್ಳಬೇಕೆಂದಿದ್ದೇವೆ. 500 ಜನ, ತಲೆಗೆ 400 ರೂಪಾಯಿ. ಎರಡು ಲಕ್ಷ ಬಂದರೆ ಒಂದೂವರೆ ಲಕ್ಷವಾದರೂ ಮಕ್ಕಳ ಫೀಸಿಗೆ ಉಳಿದೀತೇ?
— ಸಂಘದ ಕಾರ್ಯದರ್ಶಿ, ಧಾರವಾಡ

ಉತ್ತರ: ಉಳಿಯುವುದಿಲ್ಲ. ಸಂಘದ ಗಂಟೇ ಕರಗುತ್ತದೆ. ಬಿಡಿಸಿ ನೋಡಿ. ಓಟಗಾರರಿಗೆ 500, ಸ್ವಯಂಸೇವಕರಿಗೆ 60, ಅಳತೆ ತಪ್ಪಿದವರಿಗೆ ಬದಲಿ ಕೊಡಲು 20, ಒಟ್ಟು 580 ಟೀ ಶರ್ಟು. 170ರಂತೆ 98,600 ರೂಪಾಯಿ. ಪದಕ 60ರಂತೆ 30,000. ಎದೆಗೆ ಚುಚ್ಚಿಕೊಳ್ಳುವ ನಂಬರು, ಅಂದರೆ ಬಿಬ್, ಪಿನ್ನು ಸೇರಿ 14ರಂತೆ 7,000. ಉಪ್ಪಿಟ್ಟು, ಬಾಳೆಹಣ್ಣು, ಚಹಾ 580 ಜನರಿಗೆ 45ರಂತೆ 26,100. ನೀರು, ಲೋಟ, ಓಆರ್‌ಎಸ್ 8,000. ಆಂಬುಲೆನ್ಸ್ ಮತ್ತು ಪ್ರಥಮ ಚಿಕಿತ್ಸೆ 10,000. ಶಾಮಿಯಾನ, ಮೈಕು, ಜನರೇಟರು, ಬ್ಯಾರಿಕೇಡು 35,000. ಆರು ಸಂಚಾರಿ ಶೌಚಾಲಯ 15,000. ಆನ್‌ಲೈನ್ ಪಾವತಿಗೆ ಶೇ 2ರಷ್ಟು ಕಮಿಷನ್ನು, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 4,720. ಎಲ್ಲ ಕೂಡಿದರೆ 2,34,420. ಬಂದದ್ದು ಎರಡು ಲಕ್ಷ, ಕೈಯಿಂದ ಹೋದದ್ದು 34,420. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಟೀ ಶರ್ಟನ್ನು ಸ್ವಯಂಸೇವಕರಿಗೆ ಮಾತ್ರ ಇಟ್ಟು, ಪದಕವನ್ನು ಕೈಬಿಡಿ. ಖರ್ಚಿನಲ್ಲಿ 1,18,400 ಉಳಿಯಿತು. ಶುಲ್ಕವನ್ನು 300ಕ್ಕೆ ಇಳಿಸಿದರೂ, ಅಂದರೆ ಬರುವುದು ಒಂದೂವರೆ ಲಕ್ಷವೇ ಆದರೂ, ಖರ್ಚು 1,14,840ಕ್ಕೆ ನಿಲ್ಲುತ್ತದೆ, 35,160 ಕೈಯಲ್ಲಿರುತ್ತದೆ. ಟೀ ಶರ್ಟು ಬೇಕೆನ್ನುವವರಿಗೆ ಬೇರೆ ಬೆಲೆ ಇಟ್ಟು ಮುಂಗಡ ಪಡೆದು ಹೊಲಿಸಿಕೊಡಿ. ಟೀ ಶರ್ಟಿಲ್ಲದಿದ್ದರೆ ಜನ ಬರುವುದಿಲ್ಲ ಎಂಬ ಮಾತು ಸಂಘದ ಸಭೆಯಲ್ಲಿ ಬಂದೇ ಬರುತ್ತದೆ. ಟೀ ಶರ್ಟಿಗಾಗಿಯೇ ಬರುವವರು ಹೇಗೂ ದಾನ ಕೂಡಿಸಿ ತರುವವರಲ್ಲ.

ಆದರೆ 35,000ಕ್ಕಾಗಿ ಮೂರು ತಿಂಗಳು ಓಡಾಡುವುದೂ ದಂಡವೇ. ಶುಲ್ಕದಿಂದ ಓಟ ನಡೆಯಬೇಕು, ವಿದ್ಯಾರ್ಥಿನಿಧಿ ಓಟಗಾರರು ಕೂಡಿಸಿ ತರುವ ದೇಣಿಗೆಯಿಂದ ಬೆಳೆಯಬೇಕು. 2004ರಿಂದ ನಡೆಯುತ್ತಿರುವ ಮುಂಬೈ ಮ್ಯಾರಥಾನ್‌ನಲ್ಲೂ, 2008ರಲ್ಲಿ ಶುರುವಾದ ಬೆಂಗಳೂರಿನ 10ಕೆ ಓಟದಲ್ಲೂ ಸೇವಾಸಂಸ್ಥೆಗಳಿಗೆ ಹಣ ಸೇರುವುದು ಹೆಚ್ಚಾಗಿ ಈ ದಾರಿಯಲ್ಲೇ. ನಿಮ್ಮ 500 ಜನರಲ್ಲಿ 100 ಜನ ಒಪ್ಪಿ, ಒಬ್ಬೊಬ್ಬರು ಹತ್ತು ಮಂದಿಯಿಂದ 200ರಂತೆ ತಂದರೆ ಎರಡು ಲಕ್ಷವಾಯಿತು. ಅದರಲ್ಲಿ ಶಾಮಿಯಾನದವರಿಗೆ ಒಂದು ರೂಪಾಯಿಯೂ ಹೋಗಬೇಕಿಲ್ಲ. ನಿಧಿಗೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಿರಿ. ಎರಡೂ ಒಂದೇ ಖಾತೆಯಲ್ಲಿದ್ದರೆ ಓಟದ ಹಿಂದಿನ ದಿನ ಜನರೇಟರಿನವನಿಗೆ ಕೊಡಬೇಕಾದ ಹಣಕ್ಕೆ ನಿಧಿಯೇ ಕೈಗೆ ಸಿಗುತ್ತದೆ.

ದೇಣಿಗೆಯನ್ನು ಓಟಕ್ಕೆ ಮೊದಲೇ ವಸೂಲು ಮಾಡಿ. ಕಿಲೋಮೀಟರಿಗೆ ಇಷ್ಟು ಕೊಡುತ್ತೇನೆ ಎಂಬ ವಾಗ್ದಾನ ಕೇಳಲು ಚೆಂದ, ಆಮೇಲೆ ಬೆನ್ನು ಹತ್ತುವುದು ಕಷ್ಟ. ಓಟಗಾರ ಕಳಿಸುವ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಮೊತ್ತ ಮತ್ತು ಅದರಿಂದ ಆಗುವ ಕೆಲಸ ಎರಡೂ ಇರಬೇಕು: 'ಬರುವ ತಿಂಗಳ ಎರಡನೇ ಭಾನುವಾರ 10 ಕಿ.ಮೀ. ಓಡುತ್ತಿದ್ದೇನೆ. ನಮ್ಮ ಕಾಲೇಜಿನ ಇಬ್ಬರ ಪರೀಕ್ಷಾ ಶುಲ್ಕ ಕೂಡಿಸುವುದು ನನ್ನ ಪಾಲು. ನೀವು 200 ರೂಪಾಯಿ ಹಾಕಿದರೆ ಉಳಿದದ್ದನ್ನು ಇನ್ನೊಂಬತ್ತು ಜನರಿಂದ ಕೇಳುತ್ತೇನೆ.' ಇದನ್ನು ಗ್ರೂಪಿಗೆ ಹಾಕಿದರೆ ಕೈಮುಗಿಯುವ ಚಿಹ್ನೆಗಳು ಬರುತ್ತವೆ. ಒಬ್ಬೊಬ್ಬರಿಗೇ ಕಳಿಸಿದರೆ ದುಡ್ಡು ಬರುತ್ತದೆ.

ಪ್ರಶ್ನೆ: ಓಟದ ಖರ್ಚಿಗೆ ಒಂದು ಕಂಪನಿಯನ್ನು ಕೇಳಿದೆವು. 'ಸಿಎಸ್‌ಆರ್ ಹಣ (ಸಮಾಜದ ಕೆಲಸಕ್ಕೆಂದು ಕಂಪನಿ ತೆಗೆದಿಡುವ ಹಣ) ಮ್ಯಾರಥಾನ್‌ಗೆ ಕೊಡಲು ಬರುವುದಿಲ್ಲ' ಎಂದು ಕಳಿಸಿಬಿಟ್ಟರು. ನೆಪವೋ, ನಿಜವೋ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಜ. ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂತಹ ಒಂದೇ ಸಲದ ಕಾರ್ಯಕ್ರಮಗಳ ಖರ್ಚು ಸಿಎಸ್‌ಆರ್ ಅಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್ 18ರ ಸುತ್ತೋಲೆಯಲ್ಲಿ ಹೆಸರು ಹಿಡಿದೇ ಹೇಳಿತ್ತು. ತಮ್ಮ ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವೂ ಸಿಎಸ್‌ಆರ್ ಆಗದು ಎಂದು 2021ರ ತಿದ್ದುಪಡಿ ನಿಯಮಗಳಲ್ಲಿದೆ.

ನೀವು ತಟ್ಟಿದ ಬಾಗಿಲು ಸರಿ, ಕೇಳಿದ್ದು ತಪ್ಪು. ಒಂದೇ ಕಂಪನಿಗೆ ಎರಡು ಅರ್ಜಿ ಕೊಡಬಹುದು. ಶಾಮಿಯಾನ, ನೀರು, ಟೀ ಶರ್ಟಿನ ಖರ್ಚನ್ನು ಪ್ರಚಾರ ವಿಭಾಗದಿಂದ ಕೇಳಿ; ಅವರಿಗೆ ಬ್ಯಾನರಿನಲ್ಲಿ ಜಾಗ ಬೇಕು, ಕೊಡಿ. ವಿದ್ಯಾರ್ಥಿವೇತನಕ್ಕೆ ಸಿಎಸ್‌ಆರ್ ವಿಭಾಗವನ್ನು ಕೇಳಿ. ಶಿಕ್ಷಣಕ್ಕೆ ನೆರವು ಸಿಎಸ್‌ಆರ್‌ಗೆ ಸಲ್ಲುವ ಕೆಲಸಗಳ ಪಟ್ಟಿಯಾದ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲೇ ಇದೆ. ಆ ಹಣ ಪಡೆಯುವ ಸಂಸ್ಥೆಗೆ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ, ಮೂರು ವರ್ಷ ಇಂಥ ಕೆಲಸ ಮಾಡಿದ ದಾಖಲೆ, ಸಚಿವಾಲಯದ ಸಿಎಸ್‌ಆರ್-1 ಸಂಖ್ಯೆ ಇರಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿಸಿದ ಮಾತ್ರಕ್ಕೆ ಇವು ತಾವಾಗಿ ಬರುವುದಿಲ್ಲ. ಇಲ್ಲದಿದ್ದರೆ ಇವೆಲ್ಲ ಇರುವ ಟ್ರಸ್ಟ್ ಜೊತೆ ಸೇರಿ, ಹಣ ನೇರ ಅವರ ಖಾತೆಗೇ ಹೋಗಲಿ.

ಪತ್ರದ ಕೊನೆಯಲ್ಲಿ ಖಜಾಂಚಿಯ ಫೋನ್ ನಂಬರಿಗೇ ಯುಪಿಐ ಮಾಡಿಸಿಕೊಳ್ಳುತ್ತಿದ್ದೇವೆ ಎಂದಿದ್ದೀರಿ. ಈ ಹೊತ್ತಿಗೇ ನಿಲ್ಲಿಸಿ. ನೆಂಟರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿ ಬಂದ ಉಚಿತ ಹಣ ಆ ವ್ಯಕ್ತಿಯ ಆದಾಯವೆಂದೇ ಲೆಕ್ಕ. ಮಕ್ಕಳ ಫೀಸಿಗೆ ಬಂದ ದುಡ್ಡಿಗೆ ನಿಮ್ಮ ಖಜಾಂಚಿಯವರು ತೆರಿಗೆ ನೋಟಿಸು ಪಡೆಯುವಂತಾಗಬಾರದು.

ಪ್ರಶ್ನೆ: ಪ್ರವೇಶ ಶುಲ್ಕಕ್ಕೂ 80ಜಿ ರಸೀದಿ ಕೊಡಬಹುದೇ?
— ಟ್ರಸ್ಟ್ ಒಂದರ ಲೆಕ್ಕಿಗರು, ತುಮಕೂರು

ಉತ್ತರ: ಬರುವುದಿಲ್ಲ. ಶುಲ್ಕಕ್ಕೆ ಬದಲಾಗಿ ಓಟಗಾರನಿಗೆ ನಂಬರು, ನೀರು, ತಿಂಡಿ ಸಿಗುತ್ತದೆ, ಅದು ದಾನವಲ್ಲ. ಅದರ ಮೇಲೆ ಕೊಟ್ಟ ದೇಣಿಗೆಗೆ ಮಾತ್ರ ಕೊಡಿ, ಅರ್ಜಿಯಲ್ಲೇ ಎರಡು ಬೇರೆ ಕಾಲಂ ಇರಲಿ. 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ. ಸಂಬಳದಾರರಲ್ಲಿ ಬಹಳ ಮಂದಿ ಆ ಕಡೆ ಹೋಗಿರುವುದರಿಂದ 'ತೆರಿಗೆ ಉಳಿಯುತ್ತದೆ, ಕೊಡಿ' ಎಂಬ ಮಾತಿಗೆ ಈಗ ಮೊದಲಿನ ಬಲವಿಲ್ಲ. ಡಬ್ಬಿ ಹಿಡಿದು ಹೆಸರಿಲ್ಲದ ಹಣ ಕೂಡಿಸುವುದನ್ನು ಆದಷ್ಟು ಬಿಡಿ. ಮಿತಿ ಮೀರಿದ ಅನಾಮಧೇಯ ದಾನಕ್ಕೆ ಟ್ರಸ್ಟೇ ಶೇ 30 ತೆರಿಗೆ ಕಟ್ಟಬೇಕಾಗುತ್ತದೆ. ಜಿಎಸ್‌ಟಿ ವಿಷಯದಲ್ಲಿ, ಸಂಸ್ಥೆಯ ವರ್ಷದ ಒಟ್ಟು ವಹಿವಾಟು 20 ಲಕ್ಷದ ಹತ್ತಿರವಿದ್ದರೆ ಶುಲ್ಕ ನಿಗದಿ ಮಾಡುವ ಮುಂಚೆಯೇ ಆಡಿಟರನ್ನು ಕೇಳಿ.

ಪ್ರಶ್ನೆ: ಮೊದಲ ವರ್ಷ 10 ಕಿ.ಮೀ. ಓಟ ಮುಗಿದ ಮೇಲೆ ಜಗಳವೋ ಜಗಳ. ಒಬ್ಬರ ವಾಚು 10.1 ಅಂದರೆ ಇನ್ನೊಬ್ಬರದು 10.3. ನಾವು ಬೈಕಿನ ಮೀಟರಿನಲ್ಲಿ ಅಳೆದಿದ್ದೆವು. ಸರಿಯಾಗಿ ಅಳೆಯುವುದು ಹೇಗೆ?
— ವಿದ್ಯಾರ್ಥಿ ಸ್ವಯಂಸೇವಕರು, ಮೈಸೂರು

ಉತ್ತರ: ಬೈಕಿನ ಮೀಟರು ಇಂಥ ಕೆಲಸಕ್ಕಲ್ಲ, ಗೂಗಲ್ ನಕ್ಷೆಯೂ ಅಲ್ಲ. ವಾಚುಗಳನ್ನೂ ಪೂರ್ತಿ ನಂಬಬೇಕಿಲ್ಲ. ಮರದಡಿ, ಎತ್ತರದ ಕಟ್ಟಡದ ಪಕ್ಕ ಜಿಪಿಎಸ್ ಅಂಕುಡೊಂಕಾಗಿ ಗೆರೆ ಎಳೆದು ದೂರ ಹೆಚ್ಚಿಸುತ್ತದೆ. ಓಟಗಾರರೂ ತಿರುವುಗಳಲ್ಲಿ ಹೊರಬದಿ ಹಿಡಿದು, ಮುಂದಿನವರನ್ನು ದಾಟಲು ಸುತ್ತಿ, ನಿಜಕ್ಕೂ ಹೆಚ್ಚು ಓಡಿರುತ್ತಾರೆ. ಹಾಗಾಗಿ 10.1 ಬಂದರೆ ದಾರಿ ಬಹುಶಃ ಸರಿಯಾಗಿಯೇ ಇದೆ. ಎಲ್ಲರದೂ 10.3 ಬಂದರೆ ಮೊದಲು ಹಿಂತಿರುಗುವ ಜಾಗದ ಕೋನ್ ಹುಡುಕಿ. ಹೋಗಿ ಬರುವ ದಾರಿಯಲ್ಲಿ ಕೋನ್ 100 ಮೀಟರ್ ಆಚೆ ಸರಿದರೆ ಓಟಕ್ಕೆ 200 ಮೀಟರ್ ಸೇರುತ್ತದೆ. ಬೆಳಗಿನ ಜಾವ ಹಾಲಿನ ವ್ಯಾನಿಗೆ ದಾರಿ ಬಿಡಲು ಯಾರೋ ಎತ್ತಿಟ್ಟಿರುತ್ತಾರೆ, ತಿರುಗಿ ಇಡುವಾಗ ಅಂದಾಜಿನ ಮೇಲೆ ಇಡುತ್ತಾರೆ. ಆ ಜಾಗವನ್ನು ರಸ್ತೆಯ ಮೇಲೆ ಬಣ್ಣದಲ್ಲಿ ಗುರುತು ಮಾಡಿ, ಪಕ್ಕದ ವಿದ್ಯುತ್ ಕಂಬದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಅಧಿಕೃತ ಓಟಗಳಲ್ಲಿ ಸೈಕಲ್ಲಿನ ಮುಂಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯಂತ್ರ ಹಾಕಿ ಅಳೆಯುತ್ತಾರೆ. ಮೊದಲು ನೇರ ರಸ್ತೆಯಲ್ಲಿ ಸ್ಟೀಲ್ ಟೇಪಿನಿಂದ 300 ಮೀಟರ್ ಗುರುತು ಮಾಡಿ, ಅದರ ಮೇಲೆ ನಾಲ್ಕು ಸಲ ಸೈಕಲ್ ಓಡಿಸಿ ಮೀಟರಿಗೆ ಎಷ್ಟು ಎಣಿಕೆ ಎಂದು ತಿಳಿಯಬೇಕು. ದಾರಿ ಅಳೆದ ಮೇಲೆ ಇನ್ನೊಮ್ಮೆ ನಾಲ್ಕು ಸಲ. ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗಿ ಎಣಿಕೆ ಬದಲಾಗುವುದರಿಂದ ಈ ಎರಡನೇ ಸುತ್ತು. ಅಷ್ಟು ಬೇಡವೆನಿಸಿದರೆ ರಸ್ತೆ ಗುತ್ತಿಗೆದಾರರಲ್ಲಿ ಕೈಯಲ್ಲಿ ತಳ್ಳುವ ಅಳತೆಚಕ್ರ ಇರುತ್ತದೆ, ಕೇಳಿ ತನ್ನಿ. ಅದನ್ನೂ ಟೇಪಿನ 300 ಮೀಟರ್ ಮೇಲೆ ಪರೀಕ್ಷಿಸಿಯೇ ಬಳಸಿ. ಯಾವುದರಲ್ಲಿ ಅಳೆದರೂ ಓಟಗಾರ ಹೋಗಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವಿನ ಒಳ ಅಂಚಿನಿಂದ 30 ಸೆಂ.ಮೀ. ಬಿಟ್ಟು ಅಳೆಯಬೇಕು. ರಸ್ತೆ ಮಧ್ಯದ ಬಿಳಿ ಗೆರೆ ಹಿಡಿದು ಅಳೆದರೆ ದಾರಿ ಕಡಿಮೆ ಬೀಳುತ್ತದೆ. ಎರಡು ಸಲ ಅಳೆದು, ವ್ಯತ್ಯಾಸ 10 ಕಿ.ಮೀ.ಗೆ 8 ಮೀಟರಿಗಿಂತ ಹೆಚ್ಚಾದರೆ ಮೂರನೇ ಸಲ ಅಳೆಯಿರಿ. ಕೊನೆಗೆ ಕಿಲೋಮೀಟರಿಗೆ 1 ಮೀಟರಿನಂತೆ 10 ಮೀಟರ್ ಸೇರಿಸಿ. ದಾರಿ ಕೂದಲೆಳೆಯಷ್ಟೂ ಕಡಿಮೆ ಬೀಳದಿರಲೆಂದು ಅಂತರರಾಷ್ಟ್ರೀಯ ಅಳತೆಗಾರರು ಪಾಲಿಸುವ ಕ್ರಮ ಇದು.

ಸಮಯ ದಾಖಲಿಸಲು 300 ಜನರವರೆಗೆ ಚಿಪ್ ಬೇಡ. ಬಿಬ್ಬಿನ ಕೆಳತುದಿಯಲ್ಲಿ ನಂಬರಿರುವ, ಹರಿದು ತೆಗೆಯುವ ಚೀಟಿ ಮಾಡಿಸಿ. ಗೆರೆ ದಾಟಿದವರನ್ನು ಹಗ್ಗದ ಓಣಿಯಲ್ಲಿ ಬಂದ ಸಾಲಿನಲ್ಲೇ ನಡೆಸಿ ಚೀಟಿ ಹರಿದು ತಂತಿಗೆ ಪೋಣಿಸುತ್ತ ಹೋಗಿ. ಇನ್ನೊಬ್ಬರು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಒಬ್ಬೊಬ್ಬರಿಗೂ ಲ್ಯಾಪ್ ಒತ್ತಲಿ. ಎರಡು ಪಟ್ಟಿ ಜೋಡಿಸಿದರೆ ಫಲಿತಾಂಶ ಸಿದ್ಧ. ಓಣಿಯಲ್ಲಿ ಸೆಲ್ಫಿಗೆ ನಿಲ್ಲುವವರಿಂದ ಸಾಲು ಕೆಡುತ್ತದೆ, ಅವರನ್ನು ಮುಂದೆ ಸಾಗಿಸಲು ಗಟ್ಟಿ ದನಿಯ ಒಬ್ಬರು ಬೇಕು.

ಪ್ರಶ್ನೆ: ಜನವರಿ ಕೊನೆಯಲ್ಲಿ 300 ಜನರ 10 ಕಿ.ಮೀ. ಓಟ. 5 ಕಿ.ಮೀ. ಹೋಗಿ ಅದೇ ದಾರಿಯಲ್ಲಿ ವಾಪಸ್ಸು. ನೀರು ಎಷ್ಟು ಬೇಕು? ವೈದ್ಯಕೀಯ ಸಿದ್ಧತೆ ಏನು?
— ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ, ಕಲಬುರಗಿ

ಉತ್ತರ: ತಿಂಗಳು ಸರಿಯಾಗಿ ಆರಿಸಿದ್ದೀರಿ, ನಿಮ್ಮಲ್ಲಿ ಮಾರ್ಚ್ ದಾಟಿದರೆ ಬೆಳಗ್ಗೆ ಏಳೂವರೆಗೇ ನೆಲ ಕಾದಿರುತ್ತದೆ. 2.5ನೇ ಕಿ.ಮೀ.ನಲ್ಲಿ ಒಂದು ಮೇಜು, 5ರಲ್ಲಿ ಒಂದು, ಕೊನೆಯ ಗೆರೆಯಲ್ಲಿ ಒಂದು. ಮೊದಲ ಮೇಜನ್ನು ಹೋಗುವಾಗಲೂ ಬರುವಾಗಲೂ ದಾಟುತ್ತಾರೆ. ತಲೆ ಮೇಲೆ ಸುರಿದುಕೊಳ್ಳುವವರನ್ನೂ ಸೇರಿಸಿ ಒಬ್ಬರಿಗೆ ಒಂದು ಸಲಕ್ಕೆ ಒಂದೂವರೆ ಲೋಟ ಹಿಡಿಯಿರಿ. 150 ಮಿ.ಲೀ. ಲೋಟದಲ್ಲಿ 2.5ನೇ ಕಿ.ಮೀ.ಗೆ 900 ಲೋಟ, 135 ಲೀಟರು, ಅಂದರೆ 20 ಲೀಟರಿನ 7 ಕ್ಯಾನು. ಐದನೆಯದಕ್ಕೆ 450 ಲೋಟ, 4 ಕ್ಯಾನು. ಕೊನೆಯಲ್ಲಿ ತಲೆಗೆ 600 ಮಿ.ಲೀ.ನಂತೆ 9 ಕ್ಯಾನು. ಒಟ್ಟು 20. ಇನ್ನು 4 ಕ್ಯಾನನ್ನು ಗೂಡ್ಸ್ ಆಟೋದಲ್ಲಿಟ್ಟು ಕೊನೆಯ ನಡಿಗೆಯವರ ಹಿಂದೆ ಕಳಿಸಿ. ನೀರು ಮುಗಿದ ದೂರು ಬರುವುದು ಯಾವಾಗಲೂ ಹಿಂದಿನವರಿಂದ. ಅವರೇ ಹೆಚ್ಚು ಹೊತ್ತು ಬಿಸಿಲಲ್ಲಿರುವವರು, ಮೊದಲ ಸಲ ಬಂದವರು.

ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಲೋಟ, ಫ್ಲೆಕ್ಸು ಎರಡೂ ನಿಷಿದ್ಧ. ದಾರಿಯಲ್ಲಿ ಕಾಗದದ ಲೋಟ, ಕೊನೆಯಲ್ಲಿ ನಿಂತು ಕುಡಿಯುವುದರಿಂದ ಕಲ್ಯಾಣಮಂಟಪದ ಸ್ಟೀಲ್ ಲೋಟ ಸಾಕು. ಲೋಟ ಮುಕ್ಕಾಲು ಮಾತ್ರ ತುಂಬಿ. ಓಡುತ್ತ ಹಿಡಿದಾಗ ಮೇಲಿನ ಕಾಲು ಭಾಗ ಹೇಗೂ ಚೆಲ್ಲುತ್ತದೆ. ಕಸದ ಡಬ್ಬಿ ಮೇಜಿನ ಪಕ್ಕದಲ್ಲಲ್ಲ, 30 ಮೀಟರ್ ಮುಂದೆ ಒಂದು, 80 ಮೀಟರಿನಲ್ಲಿ ಇನ್ನೊಂದು.

ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕೆ ಒಂದು ಲೀಟರ್ ನೀರು. ಗಟ್ಟಿಯಾಗಲೆಂದು ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆಯೇ. ಪೊಟ್ಟಣ ಮುಗಿದರೆ ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಮೇಜಿನಲ್ಲೂ ಎರಡೆರಡು ಲೋಟ ಕುಡಿಯಿರಿ ಎಂದು ಒತ್ತಾಯ ಬೇಡ. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ ಶುರುವಾಗುತ್ತದೆ, ನೋಡಿದವರು ನೀರು ಸಾಲದೆಂದು ಇನ್ನಷ್ಟು ಕುಡಿಸುತ್ತಾರೆ. ಬಾಯಾರಿದಷ್ಟು ಕುಡಿಯಲಿ.

ಆಂಬುಲೆನ್ಸ್ ಎರಡಿರಲಿ, ಒಂದು ಕೊನೆಯ ಗೆರೆಯಲ್ಲಿ, ಒಂದು 5ನೇ ಕಿ.ಮೀ.ನಲ್ಲಿ. 108ಕ್ಕೆ ಕರೆ ಮಾಡಿದರಾಯಿತು ಎಂದು ಬಿಡಬೇಡಿ. ಆ ವಾಹನ ಇಡೀ ಊರಿಗೆ ಬೇಕಾದದ್ದು, ಅದನ್ನು ಓಟಕ್ಕೆ ಕಟ್ಟಿಹಾಕುವುದೂ ತಪ್ಪು. ಓಡುತ್ತಿದ್ದವರು ತೂರಾಡಿ, ತೊದಲಿ, ಮೈ ಕೆಂಡದಂತಿದ್ದರೆ ಅದು ಬಿಸಿಲ ಆಘಾತ. ಮೊದಲು ಅಲ್ಲೇ ತಣ್ಣಗೆ ಮಾಡಬೇಕು, ಸಾಗಿಸುವುದು ಆಮೇಲೆ. ಕೊನೆಯ ಗೆರೆಯ ಹತ್ತಿರ ಒಬ್ಬರು ಕೂರುವಷ್ಟು ದೊಡ್ಡ ಟಬ್ಬು, ನೀರು, 20 ಕಿಲೋ ಐಸು, ಹಳೆಯ ಟವೆಲ್ಲುಗಳಿರಲಿ. ಕುಸಿದು ಉಸಿರಾಡದವರಿಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತಬೇಕು. ಹಿಂದಿನ ವಾರ ಸ್ವಯಂಸೇವಕರಲ್ಲಿ ಹತ್ತು ಮಂದಿಗಾದರೂ ಗೊಂಬೆಯ ಮೇಲೆ ಅಭ್ಯಾಸ ಮಾಡಿಸಿ. ಬಿಬ್ಬಿನ ಹಿಂದೆ ರಕ್ತದ ಗುಂಪು, ಮನೆಯವರ ಫೋನು, ಇರುವ ಕಾಯಿಲೆ ಬರೆಸುವುದನ್ನು ನಂಬರು ಹಂಚುವ ಮೇಜಿನಲ್ಲೇ ಮುಗಿಸಿ. ಮನೆಗೆ ಹೋಗಿ ಬರೆದುಕೊಳ್ಳುತ್ತೇನೆ ಎಂದವರು ಬರೆಯುವುದಿಲ್ಲ.

ಪ್ರಶ್ನೆ: ಬೆಳಗ್ಗೆ ಐದಕ್ಕೇ ಮೈಕು ಹಾಕಿ ಹಾಡು, ಝುಂಬಾ ಶುರು ಮಾಡಬಹುದೇ?
— ಕ್ರೀಡಾ ಕಾರ್ಯದರ್ಶಿ, ಹಾಸನ

ಉತ್ತರ: ಇಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು, ಅದು 2000ದ ಶಬ್ದಮಾಲಿನ್ಯ ನಿಯಮ. ಆಸ್ಪತ್ರೆ, ಕೋರ್ಟು, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಆರರವರೆಗೆ ಸೀಟಿ, ಬಾಯಿಮಾತು, ಕೈ ಫಲಕ ಸಾಕು. ಝುಂಬಾ ಇಲ್ಲದೆಯೂ ಜನ ಓಡುತ್ತಾರೆ. ಪೊಲೀಸರಿಗೆ ಅರ್ಜಿಯನ್ನು ಕನಿಷ್ಠ ಒಂದು ತಿಂಗಳು ಮೊದಲೇ, ದಾರಿಯ ನಕ್ಷೆ ಹಚ್ಚಿ ಕೊಡಿ. ಎಲ್ಲಿ ಎಷ್ಟು ಹೊತ್ತು ವಾಹನ ತಡೆಯಬೇಕು ಎಂಬುದನ್ನು ನಿಮಿಷಗಳಲ್ಲಿ ಬರೆದರೆ ಒಪ್ಪಿಗೆ ಬೇಗ ಸಿಗುತ್ತದೆ. ಹೆದ್ದಾರಿ ದಾಟುವ ದಾರಿಯನ್ನು ಮೊದಲೇ ಕೈಬಿಡಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿನ ಕನ್ನಡದ ಗೆಳೆಯರು ಸೇರಿ ಅದೇ ಭಾನುವಾರ ಇಲ್ಲೂ 5 ಕಿ.ಮೀ. ಓಡಿ ಊರಿನ ಕಾಲೇಜು ಸಂಘಕ್ಕೆ ಡಾಲರ್ ಕಳಿಸಬೇಕೆಂದಿದ್ದೇವೆ. ಅಡ್ಡಿ ಇದೆಯೇ?
— ಓದುಗರು, ನ್ಯೂಜೆರ್ಸಿ

ಉತ್ತರ: ಇದೆ. ನಿಮ್ಮ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದು ಓಸಿಐ ಕಾರ್ಡು ಹೊಂದಿದವರ ಹಣ ಮಾತ್ರ ವಿದೇಶಿ ದೇಣಿಗೆಯೇ, ಹುಟ್ಟಿದ್ದು ಹಾವೇರಿಯಲ್ಲಾದರೂ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಂಘ ಅದರಲ್ಲಿ ಒಂದು ಡಾಲರನ್ನೂ ಪಡೆಯುವಂತಿಲ್ಲ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿರಬೇಕು, ಹಣ ಮೊದಲು ಬಂದಿಳಿಯುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಬೇರೊಂದು ನೋಂದಾಯಿತ ಸಂಸ್ಥೆಗೆ ಕಳಿಸಿ ಅವರಿಂದ ಸಂಘಕ್ಕೆ ಕೊಡಿಸುವ ಒಳದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ. ಆ ಸಂಸ್ಥೆಯೇ ನೇರವಾಗಿ ವಿದ್ಯಾರ್ಥಿಗಳಿಗೆ ಖರ್ಚು ಮಾಡಬಹುದು, ಅಷ್ಟೇ.

ಇನ್ನೊಂದು ತೊಡಕು: ಹತ್ತು ಜನರ ಹಣ ಒಬ್ಬರ ಖಾತೆಗೆ ಸೇರಿಸಿ 'ನನ್ನದೇ' ಎಂದು ಕಳಿಸುವುದು. ಭಾರತೀಯ ಪಾಸ್‌ಪೋರ್ಟಿನವರು ತಮ್ಮ ತಮ್ಮ ಖಾತೆಯಿಂದ ಬೇರೆಬೇರೆ ಕಳಿಸಲಿ, ಪಾಸ್‌ಪೋರ್ಟಿನ ಪ್ರತಿ ಸಂಘದ ಕಡತದಲ್ಲಿರಲಿ.

ಪ್ರಶ್ನೆ: ಹಣವೇನೋ ಕೂಡಿತು, 2 ಲಕ್ಷ 10 ಸಾವಿರ. ಯಾರಿಗೆ, ಹೇಗೆ ಕೊಡುವುದು? ಹೆಚ್ಚು ಅಂಕ ಪಡೆದ ಹತ್ತು ಜನರಿಗೆ ವೇದಿಕೆಯಲ್ಲಿ ಚೆಕ್ ಕೊಡೋಣ ಎನ್ನುತ್ತಾರೆ ಕೆಲವರು. ನನಗೇಕೋ ಸರಿ ಕಾಣುತ್ತಿಲ್ಲ.
— ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ನಿಮಗನ್ನಿಸಿದ್ದೇ ಸರಿ, ಮೇಡಂ. ಹೆಚ್ಚು ಅಂಕದವರಿಗೆ ಬೇರೆ ದತ್ತಿಗಳಿರುತ್ತವೆ. ರಾತ್ರಿ ಹನ್ನೆರಡರವರೆಗೆ ಡೆಲಿವರಿ ಕೆಲಸ ಮಾಡಿ, ಬೆಳಗಿನ ತರಗತಿ ತಪ್ಪಿಸಿಕೊಂಡು, ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದವನ ಅಂಕ ಚೆನ್ನಾಗಿರುವುದಿಲ್ಲ. ಓದು ಬಿಡುವವರು ಆ ಸಾಲಿನಿಂದಲೇ. ಇನ್ನು ವೇದಿಕೆ, ಫೋಟೊ: ಕೈಚಾಚುವುದು ನಾಲ್ಕು ಜನರ ಮುಂದೆ ಎಂದು ಗೊತ್ತಾದರೆ ನಿಜವಾಗಿ ಬೇಕಾದವರು ಅರ್ಜಿಯನ್ನೇ ಹಾಕುವುದಿಲ್ಲ.

ಹಣವನ್ನು ಎರಡು ಪಾಲು ಮಾಡಿ. ಮೂರರಲ್ಲಿ ಎರಡು ಪಾಲು, 1 ಲಕ್ಷ 40 ಸಾವಿರ, ತುರ್ತಿಗೆ: ಪರೀಕ್ಷಾ ಶುಲ್ಕ, ಹಾಸ್ಟೆಲ್ ಮೆಸ್ಸಿನ ಬಾಕಿ, ಕನ್ನಡಕ, ಊರಿಗೆ ಹೋಗಿಬರುವ ಖರ್ಚು. ಒಬ್ಬರಿಗೆ 5,000ದ ಮಿತಿ ಇಟ್ಟರೂ 28 ಜನರಿಗಾಗುತ್ತದೆ, ಹೆಚ್ಚಿನವರಿಗೆ ಅಷ್ಟು ಬೇಕಾಗುವುದೂ ಇಲ್ಲ. ಉಳಿದ 70,000 ಇಡೀ ವರ್ಷ ಒತ್ತಾಸೆ ಬೇಕಾದ ಐದಾರು ಮಂದಿಗೆ ತಿಂಗಳ ಕಂತಿನಲ್ಲಿ. ತುರ್ತಿನ ಅರ್ಜಿಗೆ ಏಳು ದಿನದೊಳಗೆ ಹಣ ಸಿಗಬೇಕು. ಪರೀಕ್ಷಾ ಶುಲ್ಕದ ಕೊನೆಯ ದಿನ ದಾಟಿ ಬಂದ 1,500 ರೂಪಾಯಿಯಿಂದ ಆ ಸೆಮಿಸ್ಟರ್ ವಾಪಸ್ಸು ಬರುವುದಿಲ್ಲ. ಓಟದ ದಿನಾಂಕವನ್ನೇ ಪರೀಕ್ಷಾ ಶುಲ್ಕದ ಅಧಿಸೂಚನೆಗೆ ಮೂರು ವಾರ ಮುಂಚೆ ಬೀಳುವಂತೆ ಇಟ್ಟುಕೊಳ್ಳುವುದು ಜಾಣತನ. ಹೆಚ್ಚಿನ ಸಂಘಗಳು ಸಂಸ್ಥಾಪಕರ ದಿನಾಚರಣೆ ನೋಡಿಕೊಂಡು ಇಡುತ್ತವೆ.

ಅರ್ಜಿ ಒಂದೇ ಪುಟ. ಹೊಸ ಆದಾಯ ಪ್ರಮಾಣಪತ್ರಕ್ಕೆ ಮತ್ತೆ ನಾಡಕಚೇರಿಗೆ ಅಲೆಸಬೇಡಿ, ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಆನ್‌ಲೈನ್ ತಾಣ) ವಿದ್ಯಾರ್ಥಿವೇತನಕ್ಕೆ ಕೊಟ್ಟದ್ದರ ಪ್ರತಿ ಸಾಕು. ಎಷ್ಟು ಬೇಕು, ಯಾವ ತಾರೀಕಿನೊಳಗೆ, ಸಿಗದಿದ್ದರೆ ಏನಾಗುತ್ತದೆ ಎಂಬ ಮೂರೇ ಪ್ರಶ್ನೆ. ನೋಡುವವರು ಮೂವರು: ಒಬ್ಬ ಅಧ್ಯಾಪಕರು, ಹಾಸ್ಟೆಲ್ ವಾರ್ಡನ್, ಕಾಲೇಜಿನ ಹೊರಗಿನ ಒಬ್ಬ ಹಳೆ ವಿದ್ಯಾರ್ಥಿನಿ. ಇಬ್ಬರು ಒಪ್ಪಿದರೆ ಮಂಜೂರು. ನಡಾವಳಿ ಪುಸ್ತಕದಲ್ಲಿ ಹೆಸರಿಲ್ಲ, ಅರ್ಜಿ ಸಂಖ್ಯೆ ಮಾತ್ರ. ಹೆಸರಿನ ಪಟ್ಟಿ ಬೀಗದಲ್ಲಿ, ಆಡಿಟರಿಗೆ ಮಾತ್ರ. ಮೆಸ್ಸಿನ ಬಾಕಿಯನ್ನು ಹಾಸ್ಟೆಲ್ ಖಾತೆಗೇ ಕಟ್ಟಿ, ಉಳಿದದ್ದು ವಿದ್ಯಾರ್ಥಿಯ ಖಾತೆಗೆ. 'ಮೊಬೈಲ್ ಕೊಂಡುಕೊಂಡಾನು' ಎಂಬ ಶಂಕೆ ಯಾರಾದರೂ ಎತ್ತುತ್ತಾರೆ. ಅರ್ಜಿ, ಪ್ರವೇಶಪತ್ರ, ಫಲಿತಾಂಶ ಎಲ್ಲವೂ ಆನ್‌ಲೈನ್ ಆಗಿರುವಾಗ ಕೆಟ್ಟುಹೋದ ಮೊಬೈಲನ್ನು ರಿಪೇರಿ ಮಾಡಿಸುವುದೂ ಓದಿನ ಖರ್ಚೇ.

ಕೊಡುವ ಮೊದಲು ಒಂದು ವಿಚಾರಣೆ ಮಾಡಿ. ಅರ್ಜಿದಾರರಲ್ಲಿ ಕೆಲವರಿಗೆ ಸರ್ಕಾರದ ವಿದ್ಯಾರ್ಥಿವೇತನವೋ ವಿದ್ಯಾಸಿರಿಯೋ (ಹಾಸ್ಟೆಲ್ ಸಿಗದವರಿಗೆ ಊಟ-ವಸತಿ ನೆರವು) ಮಂಜೂರಾಗಿಯೂ ಕೈಸೇರಿರುವುದಿಲ್ಲ. ಆಧಾರ್ ಜೋಡಣೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಹಳೆಯ, ಮುಚ್ಚಿದ ಖಾತೆಗೆ ಉಳಿದುಕೊಂಡಿರುವುದು ಇದರ ಸಾಮಾನ್ಯ ಕಾರಣ. ಬ್ಯಾಂಕಿನಲ್ಲಿ ಒಂದು ಅರ್ಜಿ ಕೊಟ್ಟು ಈಗಿನ ಖಾತೆಗೆ ಜೋಡಿಸಿದರೆ ನಿಮ್ಮ ನಿಧಿಗಿಂತ ದೊಡ್ಡ ಮೊತ್ತ ಆ ಹುಡುಗನಿಗೇ ಬರಬಹುದು. ಅಲ್ಲಿಯವರೆಗಿನ ಖರ್ಚಿಗೆ ಮಾತ್ರ ನೀವು ಕೊಟ್ಟರಾಯಿತು. ಬಸ್ಸಿನ ಲೆಕ್ಕದಲ್ಲೂ ಎಚ್ಚರ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ಪಾಸಿನ ಹಣ ಬೇಕಾಗುವುದು ಹುಡುಗರಿಗೆ. ಆದರೆ ಹಾಸ್ಟೆಲ್ ಸಿಗದೆ ಪಿಜಿಯಲ್ಲಿರುವ ಹುಡುಗಿಯ ಬಾಡಿಗೆ ಪಾಸಿಗಿಂತ ಎಷ್ಟೋ ಪಟ್ಟು.

ಓಟವಾದ 30 ದಿನದೊಳಗೆ ಒಂದು ಪುಟದ ಲೆಕ್ಕ ಎಲ್ಲ ದಾನಿಗಳಿಗೂ ಹೋಗಲಿ: ಶುಲ್ಕದಿಂದ ಬಂದದ್ದು, ಓಟಕ್ಕೆ ಹೋದದ್ದು, ನಿಧಿಗೆ ಬಂದದ್ದು, ಎಷ್ಟು ಜನರಿಗೆ ಯಾವ ಬಾಬ್ತಿಗೆ ಕೊಟ್ಟದ್ದು, ಉಳಿದದ್ದು. 80ಜಿ ದಾನಿಗಳ ಪಟ್ಟಿಯನ್ನು ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ಇಲಾಖೆಗೆ ಸಲ್ಲಿಸಬೇಕು. ಅದನ್ನು ಮರೆತರೆ ನಿಮ್ಮ ರಸೀದಿ ಹಿಡಿದವರಿಗೂ ರಿಯಾಯಿತಿ ಸಿಗದು.

ಪ್ರಶ್ನೆ: ನಮ್ಮದು 40 ಜನರ ಸಣ್ಣ ಗುಂಪು. ಇಷ್ಟೆಲ್ಲ ಏರ್ಪಾಡು ನಮ್ಮ ಕೈಲಾಗದು. ಬೇರೆ ದಾರಿ?
— ಓದುಗರು, ಉಡುಪಿ

ಉತ್ತರ: ಸ್ವಂತ ಓಟ ಬೇಡ. ದೊಡ್ಡ ಓಟವೊಂದಕ್ಕೆ 40 ಜನರೂ ತಮ್ಮ ಶುಲ್ಕ ತಾವೇ ಕಟ್ಟಿ ಸೇರಿ, ನೋಂದಾಯಿತ ಟ್ರಸ್ಟ್ ಒಂದರ ವಿದ್ಯಾರ್ಥಿನಿಧಿಗೆ ದೇಣಿಗೆ ಕೂಡಿಸಿ. ಶಾಮಿಯಾನ, ಪೊಲೀಸು, ನೀರು ಎಲ್ಲ ಅವರ ತಲೆನೋವು. ಒಬ್ಬೊಬ್ಬರು 3,000 ತಂದರೆ 1,20,000, ನೀವು ಪತ್ರದಲ್ಲಿ ಹೇಳಿದ ಗುರಿಗಿಂತ ಹೆಚ್ಚೇ.

ಪ್ರಶ್ನೆ: ನನಗೆ 58. ಓಡಲಾರೆ. 5 ಕಿ.ಮೀ. ನಡೆದರೆ ನಡೆಯುತ್ತದೆಯೇ?
— ನಿವೃತ್ತ ಗ್ರಂಥಪಾಲಕಿ, ಕುಂದಾಪುರ

ಉತ್ತರ: ಧಾರಾಳವಾಗಿ, ಅಮ್ಮಾ. ಮಾಮೂಲಿ ನಡಿಗೆಗೆ ಒಂದು ಗಂಟೆ, ನಿಧಾನವಾದರೆ ಒಂದು ಗಂಟೆ ಹತ್ತು ನಿಮಿಷ. ರಸ್ತೆ ಎಷ್ಟು ಹೊತ್ತಿಗೆ ತೆರೆಯುತ್ತಾರೆ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ. ಹೊರಡುವಾಗ ಗುಂಪಿನ ಕೊನೆಯಲ್ಲಿ, ಎಡಬದಿ ನಿಲ್ಲಿ. ಮುಂದೆ ನಿಂತರೆ ಓಡುವವರು ಎಡವುತ್ತಾರೆ. ಹೊಸ ಚಪ್ಪಲಿ, ಹೊಸ ಬೂಟು ಆ ದಿನ ಬೇಡ. ಬಿಪಿ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರಾದರೆ ಹಿಂದಿನ ವಾರ ನಿಮ್ಮ ಡಾಕ್ಟರನ್ನು ಕೇಳಿ, ಸಕ್ಕರೆಯ ಮಾತ್ರೆ ನುಂಗಿ ಬರೀ ಹೊಟ್ಟೆಯಲ್ಲಿ ಹೊರಡಬೇಡಿ. ನಂಬರಿಗೆ ನಾಲ್ಕೂ ಪಿನ್ನು ಹಾಕಿ. ಮೇಲಿನ ಎರಡೇ ಹಾಕಿದರೆ ಕಡಲ ಗಾಳಿಗೆ ಮಡಚಿಕೊಂಡು ಚೀಟಿ ಹರಿಯುವವರಿಗೆ ನಿಮ್ಮ ನಂಬರೇ ಕಾಣುವುದಿಲ್ಲ.